ಏಟು ಬಿದ್ದ ಚೌಕ ಎಲ್ಲಿದೆ?

ಮಾವ ಶಿವಮೊಗ್ಗದ ಒಂದು ಟಾಕೀಸಿನಲ್ಲಿ ಆಪರೇಟರ್ ಆಗಿದ್ದವರು. ಆ ಟಾಕೀಸು ಈಗ ಕಲ್ಯಾಣ ಮಂಟಪ. ಅವರ ಅಕ್ಕನ ಮಗಳು ಬೆಂಗಳೂರಿನಲ್ಲಿ ಎಡಿಟರ್. ಸಿನಿಮಾ, ಸೀರಿಯಲ್ಲು, ಜಾಹೀರಾತು, ಸಿಕ್ಕಿದ್ದನ್ನು ಕತ್ತರಿಸುತ್ತಾಳೆ. ದೀಪಾವಳಿಗೆ ಊರಿಗೆ ಬಂದವಳು ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪನ್ನು ಟೀವಿಗೆ ಸಿಕ್ಕಿಸಿ ಇಂಡೊನೇಷ್ಯಾದ ‘ದಿ ರೇಡ್’ ಹಾಕಿದಳು. ಅರ್ಧಕ್ಕೆ ಬರುವ ಮೊದಲೇ ಮಾವ ಕೈ ಎತ್ತಿದರು. ಮುಂದಿನದು ಅವರಿಬ್ಬರ ಮಾತು. ನಾನು ನಡುವೆ ಬಾಯಿ ಹಾಕಲಿಲ್ಲ; ಹಾಕಿದ್ದರೂ ಕೇಳುವವರಿರಲಿಲ್ಲ.

ಮಾವ: ಸಾಕು ಮಾರಾಯ್ತಿ, ನಿಲ್ಸು. ಎಷ್ಟು ಜನ ಸತ್ರು ಅಂತಲೇ ಗೊತ್ತಾಗ್ತಿಲ್ಲ.

ಹುಡುಗಿ: ಎಣಿಸೋಕೆ ಯಾರು ಹೇಳಿದ್ರು ಮಾವ? ಅವನ ಕೈಕಾಲು ನೋಡಿ. ಇಕೊ ಉವೈಸ್ ಅಂತ. ಅಲ್ಲಿನ ಸಿಲಾಟ್ ವಿದ್ಯೆಯನ್ನ ಚಿಕ್ಕಂದಿನಿಂದ ಕಲಿತವನು. ಡೈರೆಕ್ಟರ್ ಗ್ಯಾರೆತ್ ಎವಾನ್ಸ್ ಬ್ರಿಟನ್ನಿನ ವೇಲ್ಸ್ ಕಡೆಯವನು. ಸಿಲಾಟ್ ಮೇಲೆ ಡಾಕ್ಯುಮೆಂಟರಿ ಮಾಡೋಕೆ ಹೋದಾಗ ಇವನು ಕಣ್ಣಿಗೆ ಬಿದ್ದ. ಕ್ಯಾಮೆರಾ ಹಿಂದೆ ಸರಿದು ಪೂರ್ತಿ ಮೈ ತೋರಿಸುತ್ತೆ, ಮೋಸ ಇಲ್ಲ. 2011ರಲ್ಲಿ ಇದು ಬಂದಾಗ ಹಾಲಿವುಡ್‌ನವರೇ ಕಣ್ಣು ಬಿಟ್ಟು ನೋಡಿದ್ರು.

ಮಾವ: ವಿದ್ಯೆ ಇದೆ, ಇಲ್ಲ ಅನ್ನಲ್ಲ. ಆದ್ರೆ ಬಿದ್ದವನ ಕಡೆ ತಿರುಗಿ ನೋಡೋಕೂ ನಿನ್ನ ಹೀರೋಗೆ ಪುರುಸೊತ್ತಿಲ್ಲ. ‘ವೇ ಆಫ್ ದಿ ಡ್ರ್ಯಾಗನ್’ ನೋಡಿದೀಯಲ್ಲ? ಕೊನೇ ಫೈಟು, ರೋಮ್‌ನ ಕೊಲೊಸಿಯಂ ಒಳಗೆ, ಬ್ರೂಸ್ ಲೀ ಮತ್ತು ಚಕ್ ನಾರಿಸ್. ಹೊಡೆದಾಟಕ್ಕೆ ಮುಂಚೆ ಇಬ್ಬರೂ ಅಂಗಿ ಬಿಚ್ಚಿ, ಬೆರಳು ಲಟಕ್ ಅನ್ನಿಸಿ, ಮೈ ಹದ ಮಾಡ್ಕೋತಾರೆ. ಒಬ್ಬರನ್ನೊಬ್ಬರು ಅವಸರ ಮಾಡಲ್ಲ. ಒಂದು ಬೆಕ್ಕಿನ ಮರಿ ಕೂತು ನೋಡ್ತಿರುತ್ತೆ. ಶುರುವಿನಲ್ಲಿ ಲೀನೇ ಏಟು ತಿಂತಾನೆ. ಆಮೇಲೆ ಕಾಲು ಸಡಿಲ ಬಿಟ್ಟು ಕುಣಿದಂಗೆ ಸುತ್ತೋಕೆ ಶುರು ಮಾಡ್ತಾನೆ, ಅಲ್ಲಿಂದ ಆಟ ತಿರುಗುತ್ತೆ. ಎದುರಾಳಿಯ ಕೈ ಹೋಯ್ತು, ಕಾಲು ಹೋಯ್ತು. ಲೀ ತಲೆ ಆಡಿಸಿ ಬೇಡ ಅಂತಾನೆ, ಸಾಕು ಮಾಡು ಅಂತಾನೆ. ಅವನು ಕೇಳಲ್ಲ, ಕುಂಟುತ್ತಾ ಮತ್ತೆ ಬರ್ತಾನೆ. ಕೊಂದ ಮೇಲೆ ಅವನ ಅಂಗಿ, ಬೆಲ್ಟು ತಂದು ಅವನ ಮೈಮೇಲೇ ಹೊದಿಸಿ ಮಂಡಿ ಊರ್ತಾನೆ. ಗಾಂಧಿ ಕ್ಲಾಸಿನಲ್ಲಿ ಆವರೆಗೂ ಶಿಳ್ಳೆ ಹೊಡೀತಿದ್ದವರು ಅಲ್ಲಿ ಬಾಯಿ ಮುಚ್ಚಿಬಿಡ್ತಿದ್ರು. ಎದುರಿಗಿರೋನೂ ಮನುಷ್ಯ ಅಂತ ಒಂದು ಫೈಟು ತೋರಿಸಬೇಕು ಕಣೇ.

ಹುಡುಗಿ: ಆ ಸೀನಿಗೆ ನಾನೂ ಕೈ ಮುಗೀತೀನಿ. ಆದ್ರೆ ಆ ಕೊಲೊಸಿಯಂ ಹಾಂಗ್‌ಕಾಂಗಿನಲ್ಲಿ ಹಾಕಿದ ಸೆಟ್ಟು. ರೋಮ್‌ನಲ್ಲಿ ಕದ್ದುಮುಚ್ಚಿ ಒಂದಿಷ್ಟು ಶಾಟ್ ತೆಗೆದರು, ಹೊಡೆದಾಟ ನಡೆದದ್ದು ಸ್ಟುಡಿಯೋದಲ್ಲಿ. ಬೆಕ್ಕಿನ ಮರಿ ಇವರನ್ನ ನೋಡ್ತಿತ್ತು ಅನ್ನೋದಕ್ಕೆ ಎಡಿಟರ್ ಬಿಟ್ರೆ ಬೇರೆ ಸಾಕ್ಷಿ ಇಲ್ಲ.

ಮಾವ: ಕಲ್ಲು ಅಸಲಿಯೋ ಪ್ಲಾಸ್ಟರೋ, ನನಗೇನು? ಕಾಲು ಅಸಲಿ.

ಹುಡುಗಿ: ಕಾಲೂ ಕೆಲವು ಸಲ ಬೇರೆಯವರದು! ‘ಎಂಟರ್ ದಿ ಡ್ರ್ಯಾಗನ್’ನಲ್ಲಿ ಲೀ ಹಿಂದಕ್ಕೆ ಪಲ್ಟಿ ಹೊಡೆಯೋ ಶಾಟಿಗೆ ಡ್ಯೂಪ್ ಯುವೆನ್ ವಾ. ‘ಕುಂಗ್ ಫು ಹಸಲ್’ನಲ್ಲಿ ಹೆಂಡತಿ ಕೈಲಿ ಹೊಡೆಸ್ಕೊಳ್ಳೋ ಮನೆ ಮಾಲೀಕ ಇದಾನಲ್ಲ, ಅವನೇ. ‘ಫಿಸ್ಟ್ ಆಫ್ ಫ್ಯೂರಿ’ಯ ಕೊನೇಲಿ ಲೀ ಒದ್ದಾಗ ವಿಲನ್ನು ಬಾಗಿಲು ಮುರ್ಕೊಂಡು ಹಾರಿ ಬೀಳ್ತಾನಲ್ಲ, ಆ ವಿಲನ್ನಿಗೆ ಡ್ಯೂಪ್ ಯಾರು ಗೊತ್ತಾ? ಜಾಕಿ ಚಾನ್. 1972. ಆಗ ಅವನ ಹೆಸರು ಯಾರಿಗೂ ಗೊತ್ತಿರಲಿಲ್ಲ.

(ಇಲ್ಲಿ ಮಾವ ಸುಮ್ಮನಾದದ್ದನ್ನು ಸೋಲು ಅಂದುಕೊಳ್ಳಬಾರದು. ಅವರು ಅಡಿಕೆ ಕತ್ತರಿಸುತ್ತಿದ್ದರು.)

ಮಾವ: ಪಲ್ಟಿ ಯಾರದಾದ್ರೂ ಆಗ್ಲಿ, ಒಬ್ಬ ಮನುಷ್ಯ ಹೊಡೆದ ತಾನೆ? ನಾನು ಹೇಳೋದು ಅದನ್ನೇ. ನೋಡು, ರೀಲು ತುಂಡಾದಾಗ ಜಾಯಿಂಟ್ ಹಾಕೋದು ನನ್ನ ಕೆಲಸ. ಫೈಟಿನ ರೀಲೇ ಜಾಸ್ತಿ ತುಂಡಾಗ್ತಿತ್ತು, ನಮ್ಮೂರಿಗೆ ಬರೋ ಹೊತ್ತಿಗೆ ಪ್ರಿಂಟು ಹತ್ತೂರು ಸುತ್ತಿರ್ತಿತ್ತು. ಆ ತುಂಡನ್ನ ಟ್ಯೂಬ್‌ಲೈಟಿಗೆ ಹಿಡಿದು ನೋಡ್ತಿದ್ದೆ. ಸೆಕೆಂಡಿಗೆ 24 ಚೌಕ. ಒಂದು ಚೌಕದಲ್ಲಿ ಮುಷ್ಟಿ ದವಡೆಯ ಈಚೆ ಇರುತ್ತೆ. ಮುಂದಿನ ಚೌಕದಲ್ಲಿ ದವಡೆ ತಿರುಗಿದೆ, ಮುಷ್ಟಿ ಆಚೆ ಹೋಗಿದೆ. ಮುಷ್ಟಿ ದವಡೆಗೆ ತಾಗಿದ ಚೌಕ ಹುಡುಕಿ ಹುಡುಕಿ ಸಾಕಾಯ್ತು, ಒಂದೂ ಸಿಗಲಿಲ್ಲ.

ಹುಡುಗಿ: ಆ ಸಿಗದ ಚೌಕಕ್ಕೇ ಮಾವ ನನಗೆ ಸಂಬಳ ಕೊಡೋದು.

ಮಾವ: ಅಂದ್ರೆ?

ಹುಡುಗಿ: ಏಟು ಹೊಡೆಯೋದು ಫೈಟರ್, ಬೀಳಿಸೋದು ಎಡಿಟರ್. ಹಾಂಗ್‌ಕಾಂಗಿನವರದ್ದು ಒಂದು ವರಸೆ ಇದೆ. ದೂರದ ಶಾಟಿನಲ್ಲಿ ಏಟು ಬಿದ್ದದ್ದು ತೋರಿಸ್ತಾರೆ. ಆಮೇಲೆ ಹತ್ತಿರದ ಶಾಟನ್ನ ಎರಡು ಮೂರು ಫ್ರೇಮ್ ಹಿಂದಿನಿಂದ ಶುರು ಮಾಡ್ತಾರೆ. ಅಂದ್ರೆ ಒಂದೇ ಏಟು ಎರಡು ಸಲ ಬಿತ್ತು. ಕಣ್ಣಿಗೆ ಗೊತ್ತಾಗಲ್ಲ, ಒಂದು ದೊಡ್ಡ ಏಟು ಅನ್ಸುತ್ತೆ. ಬಟ್ಟೆ ಮೇಲೆ ಪೌಡರ್ ಉದುರಿಸಿರ್ತಾರೆ, ಒದ್ದಾಗ ಧೂಳು ಎದ್ದ ಹಾಗೆ ಕಾಣಲಿ ಅಂತ. ಅಮೆರಿಕದವರು ಬಹಳ ಸಲ ಏಟು ಬೀಳೋ ಕ್ಷಣಕ್ಕೆ ಸರಿಯಾಗಿ ಕತ್ತರಿಸಿಬಿಡ್ತಾರೆ. ಶಬ್ದ ಕೇಳುತ್ತೆ, ಏಟು ಕಾಣಲ್ಲ. ‘ಟೇಕನ್ 3’ರಲ್ಲಿ ಲಿಯಾಮ್ ನೀಸನ್ ಒಂದು ಬೇಲಿ ಹಾರೋಕೆ ಹತ್ತಕ್ಕೂ ಜಾಸ್ತಿ ಕಟ್ ಇದೆ. ಅದನ್ನ ನಾನೂ ಸಹಿಸಲ್ಲ.

ಮಾವ: ವಯಸ್ಸಾಯ್ತು ಅಂತ ಹಾಗೆ ಕತ್ತರಿಸಿರಬೇಕು, ಪಾಪ. ನಮ್ಮ ‘ಕೆ.ಜಿ.ಎಫ್’ ಏನು ಕಡಿಮೆಯಾ? ಏಟು ಕಾಣೋ ಮುಂಚೆ ಕತ್ತಲೆ, ಬೆಳಕು ಬರೋ ಹೊತ್ತಿಗೆ ಅವನು ಮಲಗಿದಾನೆ.

ಹುಡುಗಿ: ಅದಕ್ಕೇ ಸಾಹಸ ನಿರ್ದೇಶನದ ರಾಷ್ಟ್ರಪ್ರಶಸ್ತಿ ಬಂತಲ್ಲ, ಅನ್ಬರಿವ್ ಅಣ್ಣ ತಮ್ಮಂದಿರಿಗೆ. ಎರಡನೇ ಭಾಗಕ್ಕೂ ಬಂತು. ಅಲ್ಲಿ ತೋರಿಸಬೇಕಾದದ್ದು ಫೈಟಲ್ಲ, ರಾಕಿ ಭಾಯ್ ಅನ್ನೋ ದಂತಕಥೆ. ದಂತಕಥೇಲಿ ಏಟು ಯಾರೂ ನೋಡಿರಲ್ಲ, ಕೇಳಿರ್ತಾರೆ ಅಷ್ಟೇ.

ಮಾವ: ಎಡಿಟರ್ ಬುದ್ಧಿ ಬಿಡಲ್ಲ ನೀನು. ಸರಿ, ಜಾಕಿ ಚಾನ್‌ಗೆ ಬರೋಣ. ‘ಪೊಲೀಸ್ ಸ್ಟೋರಿ’.

ಅತ್ತೆ: (ಅಡುಗೆಮನೆಯಿಂದ) ಸಾಯಿಕುಮಾರ್‌ದಾ?

ಮಾವ: ಅದಲ್ವೇ! ಅದು ಥ್ರಿಲ್ಲರ್ ಮಂಜು ಡೈರೆಕ್ಷನ್ನು, 1996. ಅದರಲ್ಲಿ ಏಟಿಗಿಂತ ಬಾಯೇ ಜೋರು. ಇದು 1985ರದ್ದು, ಹಾಂಗ್‌ಕಾಂಗಿನದು. ಮಾಲ್‌ನಲ್ಲಿ ಮೇಲಿನ ಮಹಡಿಯಿಂದ ಕೆಳಗಿನವರೆಗೂ ಒಂದು ಕಂಬ, ಅದರ ಸುತ್ತ ಸೀರಿಯಲ್ ಸೆಟ್ಟು. ಇವನು ಹಾರಿ ಕಂಬ ತಬ್ಬಿಕೊಂಡು ಬಲ್ಬುಗಳನ್ನೆಲ್ಲ ಒಡ್ಕೊಂಡು ಜಾರಿ, ಗಾಜು ಮುರಿದು ನೆಲಕ್ಕೆ ಬಂದ. ಅಂಗೈ ಸುಟ್ಟುಹೋಯ್ತು. ರೋಪ್ ಇಲ್ಲ, ಡ್ಯೂಪ್ ಇಲ್ಲ. ಇದರಲ್ಲಿ ಎಡಿಟರ್ ಏನು ಮಾಡಿದ ಹೇಳು.

ಹುಡುಗಿ: ಆ ಜಾರುವಿಕೆಯನ್ನ ಬೇರೆ ಬೇರೆ ಕೋನದಿಂದ ಮೂರು ಸಲ ತೋರಿಸಿದ! ಅವನು ಜಾರಿದ್ದು ಒಂದೇ ಸಲ.

ಮಾವ: ತೋರಿಸಬೇಕಾದ್ದೇ. ಇನ್ನೊಂದು ಟೇಕ್ ತಗೊಳ್ಳೋಕಾಗುತ್ತಾ?

ಹುಡುಗಿ: ಅಲ್ಲೇ ನನ್ನ ತಕರಾರು. ಮೂರು ಸಲ ಯಾಕೆ ತೋರಿಸಿದ್ರು? ಕಥೆಗೆ ಒಂದು ಸಲ ಸಾಕು. ಮಿಕ್ಕ ಎರಡು ಸಲ ಹೇಳೋದು, ‘ನೋಡಿ, ಇದು ನಿಜ, ನಮ್ಮ ಹುಡುಗ ಸಾಯಬಹುದಿತ್ತು’ ಅಂತ. ಅಂದ್ರೆ ಅಲ್ಲಿ ಪಾತ್ರ ಮಾಯ ಆಯ್ತು, ನಟ ಉಳಿದ. ‘ಆರ್ಮರ್ ಆಫ್ ಗಾಡ್’ ಮಾಡುವಾಗ ಯುಗೊಸ್ಲಾವಿಯಾದಲ್ಲಿ ಮರದ ಕೊಂಬೆಗೆ ಹಾರಿ, ಕೊಂಬೆ ಮುರಿದು, ತಲೆ ಬಂಡೆಗೆ ಬಡಿದು ಬುರುಡೆ ಒಡೀತು. ಆ ಬಿದ್ದ ಶಾಟನ್ನೂ ಸಿನಿಮಾದ ಕೊನೇಲಿ ಹೆಸರುಗಳ ಜೊತೆ ಹಾಕಿದ್ರು. ನಾವು ನಗ್ತಾ ಎದ್ದು ಚಪ್ಪಲಿ ಹುಡುಕ್ತೀವಿ. ನಾವು ಮೆಚ್ಚಿದ್ದು ಅವನ ವಿದ್ಯೆಯನ್ನೋ, ಅವನು ಸಾಯದೇ ಉಳಿದದ್ದನ್ನೋ?

ಮಾವ: ಎರಡೂ. ಅದರಲ್ಲಿ ನಾಚಿಕೆ ಏನು? ಜಾತ್ರೇಲಿ ಡೊಂಬರಾಟ ನೋಡೋಕೆ ಜನ ಯಾಕೆ ಸೇರ್ತಿದ್ರು? ಹಗ್ಗ ನೆಲದ ಮೇಲೆ ಹಾಸಿದ್ರೆ ಯಾವನು ಕಾಸು ಹಾಕ್ತಾನೆ?

ಹುಡುಗಿ: 2016ರ ನವೆಂಬರ್ ಮರೆತ್ರಾ? ತಿಪ್ಪಗೊಂಡನಹಳ್ಳಿ ಜಲಾಶಯ. ಹೆಲಿಕಾಪ್ಟರಿಂದ ನೀರಿಗೆ ಹಾರೋ ಕ್ಲೈಮ್ಯಾಕ್ಸು. ಖಳನಾಯಕರಾಗಿ ಹಾರಿದ ಇಬ್ಬರು ಹುಡುಗರು ಮೇಲೆ ಬರಲೇ ಇಲ್ಲ. ಕ್ಯಾಮೆರಾ ಓಡ್ತಾನೇ ಇತ್ತು, ಟೀವಿಯವರು ಆ ತುಣುಕನ್ನ ಮೂರು ಸಲ ಅಲ್ಲ, ಮೂರು ದಿನ ತೋರಿಸಿದ್ರು. ಐದು ವರ್ಷ ಆಗೋ ಹೊತ್ತಿಗೆ ಬಿಡದಿ ಹತ್ತಿರ ಇನ್ನೊಂದು ಶೂಟಿಂಗಿನಲ್ಲಿ ಕ್ರೇನು ಹೈಟೆನ್ಷನ್ ತಂತಿಗೆ ತಾಗಿ ಫೈಟರ್ ಒಬ್ಬ ಹೋದ. ಡ್ಯೂಪ್ ಇಲ್ಲ, ರೋಪ್ ಇಲ್ಲ ಅಂತ ಪೋಸ್ಟರಿನಲ್ಲಿ ಹಾಕೋರನ್ನ ಕಂಡ್ರೆ ನನಗೆ ಮೈ ಉರಿಯುತ್ತೆ.

(ಮಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಡೊಂಬರಾಟದ ಮಾತಿಗೆ ಅವಳು ನೇರ ಉತ್ತರ ಕೊಡಲಿಲ್ಲ ಅನ್ನುವುದನ್ನೂ ಇಲ್ಲಿ ಹೇಳಬೇಕು. ಸಾವಿನ ಹೆಸರು ಬಂದರೆ ವಾದ ನಿಂತುಹೋಗುತ್ತದೆ, ಆದರೆ ಪ್ರಶ್ನೆ ಇದ್ದಲ್ಲೇ ಇರುತ್ತದೆ.)

ಮಾವ: ಅದು ಸಾಹಸ ಅಲ್ಲ ಕಣಮ್ಮ, ಬೇಜವಾಬ್ದಾರಿ. ಜಾಕಿ ಹಾಗಲ್ಲ. ಏಳನೇ ವಯಸ್ಸಿಗೇ ಪೀಕಿಂಗ್ ಒಪೆರಾ ಶಾಲೆಗೆ ಬಿದ್ದವನು. ಬೆಳಗಿಂದ ರಾತ್ರಿವರೆಗೂ ಲಾಗ, ಕತ್ತಿ, ಹಾಡು, ತಪ್ಪಿದ್ರೆ ಬೆತ್ತ. ಸಮ್ಮೊ ಹಂಗ್, ಯುವೆನ್ ಬಿಯಾವ್, ನೀನು ಹೇಳಿದ ಯುವೆನ್ ವಾ, ಎಲ್ಲಾ ಅದೇ ಗುರುವಿನ ಕೈಲಿ ತಿಂದವರು. ಹಾಗೆ ಪಳಗಿದ ಮೈ ಹಾರೋದು ಬೇರೆ, ಯಾರನ್ನೋ ನೀರಿಗೆ ತಳ್ಳೋದು ಬೇರೆ.

ಹುಡುಗಿ: ಪಳಗಿದ ಬುರುಡೆಯೂ ಒಡೀತಲ್ಲ.

ಮಾವ: ಹಾಗಂತ ನಿನ್ನ ‘ಕ್ರೌಚಿಂಗ್ ಟೈಗರ್’ ಥರ ರೋಪ್ ಕಟ್ಟಿ ಬಿದಿರಿನ ತುದೀಲಿ ನಿಲ್ಲಿಸೋದಾ? ಒಬ್ಬರಿಗೂ ತೂಕವೇ ಇಲ್ಲ. ತೂಕ ಇಲ್ಲದವನು ಬಿದ್ರೆ ನನಗ್ಯಾಕೆ ಭಯ ಆಗಬೇಕು?

ಹುಡುಗಿ: ಭಯ ಆಗಲಿ ಅಂತ ಆಂಗ್ ಲೀ ಅದನ್ನ ಮಾಡೇ ಇಲ್ಲ. ಸಾಗರದ ಕಡೆ ರಾತ್ರಿಯೆಲ್ಲ ಕೂತು ಯಕ್ಷಗಾನದ ಆಟ ನೋಡ್ತಿದ್ರಲ್ಲ ನೀವು? ಕರ್ಣಾರ್ಜುನ ಕಾಳಗದಲ್ಲಿ ಬಾಣ ತಾಗುತ್ತಾ? ಇಬ್ಬರೂ ರಂಗದ ಮೇಲೆ ಸುತ್ತು ಬರ್ತಾರೆ, ಚಂಡೆ ಏರುತ್ತೆ, ಒಬ್ಬ ಮಂಡಿ ಗಿರಕಿ ಹಾಕ್ತಾನೆ, ನಮಗೆ ಕುರುಕ್ಷೇತ್ರವೇ ಕಾಣುತ್ತೆ. ಒಂದು ಏಟೂ ಬಿದ್ದಿಲ್ಲ. ಚೀನಾದವರಿಗೂ ಅದೇ ದಾರಿ. ಕಿಂಗ್ ಹೂ ಅನ್ನೋ ನಿರ್ದೇಶಕ 1966ರಲ್ಲಿ ‘ಕಮ್ ಡ್ರಿಂಕ್ ವಿತ್ ಮಿ’ ಮಾಡಿದಾಗ ಫೈಟನ್ನ ಪೀಕಿಂಗ್ ಒಪೆರಾದ ತಾಳಕ್ಕೆ ಕಟ್ಟಿದ. ಮಧ್ಯೆ ಮಧ್ಯೆ ಎಲ್ಲರೂ ಕಲ್ಲಿನ ಹಾಗೆ ನಿಲ್ತಾರೆ, ಆಮೇಲೆ ಒಮ್ಮೆಲೇ ಸಿಡೀತಾರೆ. ಹೀರೋಯಿನ್ ಚೆಂಗ್ ಪೇ ಪೇ ನಾಟ್ಯ ಕಲಿತು ಬಂದವಳು, ಫೈಟರ್ ಅಲ್ಲ. ‘ಕ್ರೌಚಿಂಗ್ ಟೈಗರ್’ನಲ್ಲಿ ಮುದುಕಿ ವಿಲನ್ ಜೇಡ್ ಫಾಕ್ಸ್ ಆಗಿದ್ದವಳೂ ಅವಳೇ.

ಮಾವ: ಮಂಡಿ ಗಿರಕಿ ಅಂದ್ಯಲ್ಲ, ನಲವತ್ತು ದಾಟಿದ ಯಾವುದಾದ್ರೂ ವೇಷಧಾರಿ ಮಂಡಿ ಮುಟ್ಟಿ ನೋಡು. ಏಟು ಬೀಳಲ್ಲ ಅಂತೀಯ, ಆ ಮಂಡಿಗೆ ಬಿದ್ದದ್ದೇನು?

ಹುಡುಗಿ: ...ಮಿಶೆಲ್ ಯೋ ಮಂಡಿ ಲಿಗಮೆಂಟೂ ಆ ಸಿನಿಮಾದಲ್ಲೇ ಹರಿದದ್ದು. ಅಮೆರಿಕಕ್ಕೆ ಹೋಗಿ ಆಪರೇಷನ್ ಮಾಡಿಸ್ಕೊಂಡು ಬಂದು ಮತ್ತೆ ಶೂಟಿಂಗು.

ಮಾವ: ನೋಡಿದ್ಯಾ? ರೋಪ್ ಕಟ್ಟಿದ್ರೂ ಮೈ ಸುಂಕ ಕಟ್ಟಲೇಬೇಕು.

ಹುಡುಗಿ: ಕಟ್ಟಿದ್ದನ್ನ ಪರದೆ ಮೇಲೆ ಮೂರು ಸಲ ತೋರಿಸಲಿಲ್ಲ ಅವರು. ಮುಚ್ಚಿಟ್ಟು ಗಾಳೀಲಿ ತೇಲಿದ ಹಾಗೆ ಮಾಡಿದ್ರು. ನನ್ನ ಕಣ್ಣಿಗೆ ಅದು ದೊಡ್ಡ ಕಲೆ.

ಅತ್ತೆ: (ಲೋಟ ತಂದಿಡುತ್ತಾ) ಮಿಶೆಲ್ ಅಂದ್ರೆ ಬೈಕಲ್ಲಿ ಓಡೋ ರೈಲಿನ ಮೇಲೆ ಹಾರ್ತಾಳಲ್ಲ, ಅವಳಾ?

ಹುಡುಗಿ: ಅವಳೇ ಅತ್ತೆ! ‘ಪೊಲೀಸ್ ಸ್ಟೋರಿ 3’, 1992. ನಿಮಗೆ ಹೇಗೆ ಗೊತ್ತು?

ಅತ್ತೆ: ನಿಮ್ಮ ಮಾವ ಊಟದ ಡಬ್ಬಿ ಮರೆತು ಹೋದಾಗೆಲ್ಲ ಆಪರೇಟರ್ ರೂಮಿಗೆ ಯಾರು ತಗೊಂಡು ಹೋಗ್ತಿದ್ರು ಅಂದ್ಕೊಂಡೆ? ಅಷ್ಟು ದೂರ ಯಾಕೆ, ಮಾಲಾಶ್ರೀ ಕಚ್ಚೆ ಕಟ್ಟಿ ನಿಂತರೆ ಹೆಂಗಸರ ಕ್ಲಾಸಿನಲ್ಲಿ ಕೂಗಾಟ ಕೇಳಬೇಕಿತ್ತು. ಅವಳ ಒದೆ ತಾಗುತ್ತೋ ಇಲ್ವೋ ಅಂತ ನಮ್ಮಲ್ಲಿ ಯಾರೂ ಭೂತಗನ್ನಡಿ ಹಿಡಿದು ನೋಡಲಿಲ್ಲ. ಒದೆಸ್ಕೊಳ್ಳೋನು ಎಂಥವನು ಅಂತ ಗೊತ್ತಿತ್ತು, ಸಾಕು.

(ಅತ್ತೆ ಒಳಗೆ ಹೋದರು. ನನ್ನ ಕೇಳಿದರೆ, ಆ ರಾತ್ರಿಯ ಅತ್ಯುತ್ತಮ ಏಟು ಇದೇ. ಆದರೆ ಹೊಡೆಸಿಕೊಂಡ ಇಬ್ಬರೂ ಬೀಳಲಿಲ್ಲ.)

ಮಾವ: ಅವಳು ಹೇಳೋದರಲ್ಲೂ ಇದೆ. ಶಂಕರ್‌ನಾಗ್‌ಗೆ ‘ಕರಾಟೆ ಕಿಂಗ್’ ಅಂತ ಬಿರುದು ಕೊಟ್ಟು ಕುಣಿದ್ವಲ್ಲ, ಅವನ ಬೆಲ್ಟು ಯಾವ ಬಣ್ಣ ಅಂತ ಯಾವ ಆಟೋದವನೂ ಕೇಳಲಿಲ್ಲ. ಅಣ್ಣಾವ್ರು ‘ಜೇಡರ ಬಲೆ’ಯಲ್ಲಿ ಸಿ.ಐ.ಡಿ. 999 ಆಗಿ ಗನ್ ಹಿಡಿದಾಗಲೂ ಅಷ್ಟೇ, ಮನುಷ್ಯನ ಮೇಲಿನ ಪ್ರೀತಿ ಏಟಿಗೆ ತೂಕ ಕೊಡ್ತಿತ್ತು.

ಹುಡುಗಿ: ಅಯ್ಯೋ, ಹಾಗಾದ್ರೆ ನಿಮ್ಮ ಅಸಲಿ ಕಾಲಿನ ವಾದ ಎಲ್ಲಿ ಹೋಯ್ತು?

ಮಾವ: ಎಲ್ಲೂ ಹೋಗಿಲ್ಲ. ‘36ತ್ ಚೇಂಬರ್ ಆಫ್ ಶಾವೊಲಿನ್’ ನೋಡಿದೀಯಾ? 1978. ಗಾರ್ಡನ್ ಲಿಯು. ಅದನ್ನ ಹಾಕಿದಾಗ ನಮ್ಮ ಓನರ್ರು ಪೇಚಾಡಿದ್ರು, ಅರ್ಧ ಸಿನಿಮಾ ಆದ್ರೂ ಫೈಟೇ ಇಲ್ಲ ಅಂತ. ಬರೀ ಕಲಿಯೋದು. ಕೈ ಎರಡೂ ಅಗಲಕ್ಕೆ ಚಾಚಿ ನೀರಿನ ಬಕೆಟ್ ಹೊರಬೇಕು. ತೋಳಿಗೆ ಕತ್ತಿ ಕಟ್ಟಿರ್ತಾರೆ, ಕೈ ಇಳಿಸಿದ್ರೆ ಪಕ್ಕೆಗೆ ಚುಚ್ಚುತ್ತೆ. ಇಳಿಸ್ತಾನೆ, ಚುಚ್ಚುತ್ತೆ, ಮತ್ತೆ ಎತ್ತುತಾನೆ. ಜನ ಎದ್ದು ಹೋಗ್ತಾರೆ ಅಂದ್ಕೊಂಡ್ರೆ ಒಬ್ಬ ಅಲುಗಾಡಲಿಲ್ಲ. ಇಂಟರ್ವಲ್‌ನಲ್ಲಿ ಸೋಡಾ ಮಾರೋ ಹುಡುಗ ಎರಡು ಕೈಲೂ ಕ್ರೇಟ್ ಹಿಡಿದು ಹಾಗೇ ನಡೆಯೋಕೆ ನೋಡ್ತಿದ್ದ. ಕೊನೇಲಿ ಅವನು ಹೊಡೆದಾಗ ಆ ಏಟಿನ ಹಿಂದೆ ಏನಿದೆ ಅಂತ ನಮಗೆಲ್ಲ ಗೊತ್ತಿರುತ್ತೆ. ನಿನ್ನ ‘ರೇಡ್’ನಲ್ಲಿ ನಾನು ಕೇಳೋದು ಅದನ್ನ. ಅವನು ಎಲ್ಲಿ ಕಲಿತ, ಯಾರ ಹತ್ರ ಪೆಟ್ಟು ತಿಂದ, ಏನೂ ಗೊತ್ತಿಲ್ಲ. ಸೀದಾ ಬಂದು ಕೊಯ್ತಾನೆ.

ಹುಡುಗಿ: ಅದರಲ್ಲೂ ಹೇಳಿದಾರೆ, ನೀವು ನೋಡಿಲ್ಲ. ಮೊದಲನೇ ಸೀನೇ ಅದು. ಬೆಳಗಿನ ಜಾವ ನಮಾಜ್ ಮಾಡ್ತಾನೆ, ಕಸರತ್ತು ಮಾಡ್ತಾನೆ, ಬಸುರಿ ಹೆಂಡತಿಗೆ ಹೇಳಿ ಹೊರಡ್ತಾನೆ. ಎಲ್ಲಾ ಸೇರಿ ಕೆಲವೇ ನಿಮಿಷ. ನೀವು ಆಗ ಚಾರ್ಜರ್ ಹುಡುಕ್ತಿದ್ರಿ.

ಮಾವ: ನಿಮಿಷಕ್ಕೆ ಮುಗಿಸಿದ್ರೆ ಹೀಗೇ ಆಗೋದು.

ಹುಡುಗಿ: ನಿಮ್ಮ ಕಾಲದಲ್ಲಿ ಪ್ರೇಕ್ಷಕ ಓಡಿಹೋಗೋಕೆ ಬಾಗಿಲು ಒಂದೇ ಇತ್ತು. ಈಗ ಅವನ ಬೆರಳ ತುದೀಲಿದೆ. ತೋಳಿಗೆ ಕತ್ತಿ ಕಟ್ಟಿ ಬಕೆಟ್ ಹೊರಿಸಿದ್ರೆ ಇವತ್ತಿನ ಪ್ರೊಡ್ಯೂಸರ್ ನನ್ನ ಪಕ್ಕ ಕೂತು, ‘ಮೇಡಂ, ಇದನ್ನ ಒಂದು ಹಾಡಲ್ಲಿ ಮುಗಿಸಿ’ ಅಂತಾನೆ.

ಮಾವ: ಮುಗಿಸ್ತೀಯಾ?

ಹುಡುಗಿ: ಮುಗಿಸ್ತೀನಿ. ಬಾಡಿಗೆ ಕಟ್ಟಬೇಕಲ್ಲ. ಆದ್ರೆ ಒಂದು ಬಕೆಟ್ಟಿನ ಶಾಟ್ ಪೂರ್ತಿ ಬಿಡ್ತೀನಿ, ಅದಕ್ಕೆ ಜಗಳ ಆಡ್ತೀನಿ.

ಮಾವ: ಒಂದು ಸಾಲದು.

ಹುಡುಗಿ: ಒಂದು ಉಳಿಸೋದೇ ಕಷ್ಟ. ಇನ್ನೊಂದು ಸುದ್ದಿ ಕೇಳಿ. ಆಸ್ಕರ್‌ನವರು ಸ್ಟಂಟ್ ಡಿಸೈನಿಗೆ ಅಂತಲೇ ಒಂದು ಪ್ರಶಸ್ತಿ ಇಡ್ತಿದಾರೆ. 2027ರಲ್ಲಿ ಬರೋ ಸಿನಿಮಾಗಳಿಂದ ಶುರು. ಸಿನಿಮಾ ಹುಟ್ಟಿ ನೂರಕ್ಕೂ ಹೆಚ್ಚು ವರ್ಷ ಆದ ಮೇಲೆ! ಆ ವಿಷಯದಲ್ಲಿ ನಮ್ಮ ರಾಷ್ಟ್ರಪ್ರಶಸ್ತಿ ಮುಂದಿತ್ತು. ‘ಜಾನ್ ವಿಕ್’ ಡೈರೆಕ್ಟರ್ ಚಾಡ್ ಸ್ಟಹೆಲ್ಸ್ಕಿ ಯಾರು ಗೊತ್ತಲ್ಲ? ‘ಮೇಟ್ರಿಕ್ಸ್’ನಲ್ಲಿ ಕಿಯಾನು ರೀವ್ಸ್‌ಗೆ ಡ್ಯೂಪ್ ಆಗಿದ್ದವನು. ಡ್ಯೂಪ್‌ಗಳೆಲ್ಲ ಮುಂದೆ ಬರೋ ಕಾಲ. ನನ್ನ ಕೇಳಿದ್ರೆ ಪೋಸ್ಟರ್ ಮೇಲೂ ಹೀರೋ ಹೆಸರಿನ ಕೆಳಗೆ ಡ್ಯೂಪ್ ಹೆಸರು ಇರಬೇಕು. ಯಾರು ಬಿದ್ದದ್ದು ಅಂತ ಜನಕ್ಕೆ ಗೊತ್ತಾಗಲಿ.

ಮಾವ: ಹಾಕ್ಲಿ, ನ್ಯಾಯ. ಸಂಬಳ, ಇನ್ಶೂರೆನ್ಸು, ಸನ್ಮಾನ, ಎಲ್ಲಾ ಕೊಡ್ಲಿ. ಆದ್ರೆ ದೀಪ ಆರಿದ ಮೇಲೆ ಆ ಹೆಸರು ನನ್ನ ಕಿವೀಲಿ ಹೇಳಬೇಡಿ. ಅಲ್ಲಿ ಬಿದ್ದವನು ಹೀರೋನೇ ಆಗಿರಬೇಕು.

ಹುಡುಗಿ: ಇಷ್ಟು ಹೊತ್ತು ಅಸಲಿ, ಅಸಲಿ ಅಂದವರು ನೀವು!

ಮಾವ: ಹೌದು. ಮೂಳೆ ಅಸಲಿಯಾಗಿರಲಿ, ಹೆಸರು ಸುಳ್ಳಾಗಿರಲಿ.

ಹುಡುಗಿ: ಆ ಮೂಳೆ ಇರೋನು ಇದನ್ನ ಒಪ್ತಾನಾ ಅಂತ ಕೇಳಿದೀರಾ ಮಾವ?

ಮಾವ: ಕೇಳಿಲ್ಲ. ಹಾಕು ನಿನ್ನ ‘ರೇಡ್’ನ, ಮೊದಲಿಂದ ಹಾಕು. ಆ ನಮಾಜಿನ ಸೀನು ನೋಡೋಣ. ಮಧ್ಯೆ ಕತ್ತರಿ ಹಿಡಿದು ವ್ಯಾಖ್ಯಾನ ಮಾಡಿದ್ರೆ ಎದ್ದು ಹೋಗಿ ಮಲಗ್ತೀನಿ.